ಚಂದ್ರನ ಮೇಲೆ ಕಾರ್ಖಾನೆ, ಕಮಲಾಪುರದಲ್ಲಿ ರೊಟ್ಟಿ

ಬರಿಗೈಯಲ್ಲಿ ಬಸ್ಸು ಹತ್ತುವುದು ನನ್ನಿಂದ ಆಗದ ಕೆಲಸ. ಹೋಗುವ ಊರಿನಲ್ಲಿ ಅದೇ ಸಾಮಾನು ಸಿಗುತ್ತದೆಂದು ಗೊತ್ತಿದ್ದರೂ ಇಲ್ಲಿಂದಲೇ ಹೊತ್ತೊಯ್ಯಬೇಕು. ಇದು ಪ್ರೀತಿಯಲ್ಲ, ಚಟ. ನಾನು ನಾಲ್ಕನೆಯ ಇಯತ್ತೆಗೆ ಶಾಲೆ ಬಿಟ್ಟವಳು. ಈ ಚಟಕ್ಕೂ ಅರ್ಥಶಾಸ್ತ್ರಕ್ಕೂ ಸಂಬಂಧವಿದೆಯೆಂದು ಮೊನ್ನೆಯವರೆಗೆ ತಿಳಿದಿರಲಿಲ್ಲ.

ಹಿರಿಯ ಮೊಮ್ಮಗಳು ಕಮಲಾಪುರದ ಗಂಡನ ಮನೆಯಲ್ಲಿ ಬಸುರಿ. ತವರಿನವರು ಬುತ್ತಿ ಒಯ್ಯಬೇಕು, ಅಂದರೆ ಖಡಕ್ ರೊಟ್ಟಿ, ಪಲ್ಯ, ಶೇಂಗಾ ಹೋಳಿಗೆ ಕಟ್ಟಿಕೊಂಡು ಹೋಗಿ ಓಣಿಗೆಲ್ಲ ಹಂಚಬೇಕು. ಕಳೆದ ಪಂಚಮಿಗೆ ನಾನು ಒಯ್ದ ರೊಟ್ಟಿ ದಾರಿಯಲ್ಲೇ ಚೂರಾಗಿತ್ತು. ಬೀಗತಿ ಗಂಟು ಬಿಚ್ಚಿ, “ಅಮ್ಮಾರ, ಅವಲಕ್ಕಿ ಚೂಡಾ ತಂದೀರೇನ್ರಿ?” ಎಂದಿದ್ದಳು. ಈ ಸಲ ಒಂದು ರೊಟ್ಟಿ ಮುರಿದರೂ ಆ ಮನೆಯಲ್ಲಿ ನಾನು ತಲೆ ಎತ್ತುವಂತಿರಲಿಲ್ಲ.

ಇದೇ ಚಿಂತೆಯಲ್ಲಿರುವಾಗ ಕಿರಿಯ ಮೊಮ್ಮಗಳು ಗೀತಾ ಕಾಲೇಜಿನ ಚರ್ಚಾಸ್ಪರ್ಧೆಗೆ ಗಟ್ಟಿಯಾಗಿ ಓದುತ್ತಿದ್ದಳು. ಚಂದ್ರನ ಮೇಲೆ ಕಾರ್ಖಾನೆ ಹಾಕಿದರೆ ಗಿಟ್ಟುತ್ತದೆಯೇ ಎಂಬುದು ವಿಷಯ. ಗಿಟ್ಟುತ್ತದೆ ಎಂಬುದು ಇವಳ ಪಕ್ಷ.

“ಯಾಕ, ನಮ್ಮ ಕಪನೂರ ಇಂಡಸ್ಟ್ರಿ ಏರಿಯಾದಾಗ ಜಾಗಾ ಮುಗೀತೇನ?” ಎಂದೆ.

“ಆಯಿ, ಮ್ಯಾಲ ಬೇಕಾಗಿದ್ದು ಮ್ಯಾಲೇ ಮಾಡಬೇಕು. ಅಲ್ಲಿದೇ ಮಣ್ಣು, ಅಲ್ಲಿದೇ ಬಿಸಿಲು. ಇಲ್ಲಿಂದ ಹೊತ್ತು ಒಯ್ಯೂದೇ ದೊಡ್ಡ ಖರ್ಚು. ನಿನ್ನ ರೊಟ್ಟೀನೂ ಹಂಗೇ. ಕಮಲಾಪುರದಾಗ ಜ್ವಾಳ ಇಲ್ಲೇನು, ಒಲಿ ಇಲ್ಲೇನು? ಅಲ್ಲೇ ಬಡಿ. ಮುರಿಯೂ ಮಾತೇ ಇಲ್ಲ.”

ಮಾತು ಖರೆ ಅನಿಸಿತು. ಅನಿಸಿದ್ದನ್ನು ತೋರಿಸಿಕೊಳ್ಳಲಿಲ್ಲ. ಬೀಗರ ಒಲೆಯ ಮೇಲೆ ತವರಿನ ಬುತ್ತಿ ಮಾಡಿದರೆ ಊರು ನಗುತ್ತದೆ. ಕಮಲಾಪುರದಲ್ಲೇ ಇರುವ ನನ್ನ ತಂಗಿಯ ಮನೆಯಲ್ಲಿ ಮಾಡುವುದೆಂದಾಯಿತು.

ಆಮೇಲೆ ಸಣ್ಣ ಸಣ್ಣ ವಿಚಾರಗಳು ಬಂದವು. ಅಲ್ಲಿಯ ಗಿರಣಿಯವನು ದಪ್ಪ ಬೀಸುತ್ತಾನೆ, ಹಿಟ್ಟು ಶಹಾಬಜಾರದ ನಮ್ಮ ಗಿರಣಿಯದೇ ಇರಲಿ. ತಂಗಿಯ ಹಂಚು ಒಂದೇ ಕಡೆ ಕಾಯುತ್ತದೆ, ನನ್ನದು ಇರಲಿ. ನನ್ನ ಹಂಚು ಅವಳ ಒಲೆಗೆ ಕೂರುವುದಿಲ್ಲ, ಒಲೆಯೂ ಇರಲಿ. ಆ ನೀರಿಗೆ ಹಿಟ್ಟು ಜಿಗಿಯಾಗುವುದಿಲ್ಲ, ಎರಡು ಕ್ಯಾನು ನೀರು. ತಂಗಿಯ ರೊಟ್ಟಿ ದಪ್ಪ, ಆದ್ದರಿಂದ ಬಡಿಯಲು ನಮ್ಮ ಪಕ್ಕದ ಮನೆಯ ಕಾಶಮ್ಮ. ಬಸ್ಸಿನಲ್ಲಿ ಹಿಡಿಸದೆ ಟೆಂಪೋ ಹೇಳಿದೆವು. ಅದನ್ನು ನೋಡಿ ಗೀತಾ, “ಆಯಿ, ನೀ ರೊಟ್ಟಿ ಬಿಟ್ಟು ಕಾರ್ಖಾನೀನೇ ಒಯ್ಯಾಕತ್ತಿ” ಎಂದಳು.

“ಸುಮ್ನ ನೀರಿನ ಕ್ಯಾನ್ ಹಿಡಿ” ಎಂದೆ.

ಬೀಗತಿ ಗಂಟು ಬಿಚ್ಚಿ ತಳದವರೆಗೂ ಕೈ ಹಾಕಿದಳು. ಒಂದೂ ಮುರಿದಿರಲಿಲ್ಲ. “ಹ್ಯಾಂಗ ತಂದ್ರಿ?” ಎಂದು ಕೇಳಿದಳು. “ಕೈಯಾಗ” ಎಂದೆ. ತಂಗಿಯ ಮನೆಯಿಂದ ಎರಡು ಓಣಿ ಕೈಯಲ್ಲೇ ತಂದಿದ್ದೆ, ಸುಳ್ಳೇನಲ್ಲ.

ಸ್ಪರ್ಧೆಯಲ್ಲಿ ಗೀತಾ, ನಷ್ಟ ಮಾಡಿಕೊಳ್ಳುವುದು ಹೇಗೆಂಬುದಕ್ಕೆ ಇದೇ ಟೆಂಪೋದ ಉದಾಹರಣೆ ಕೊಟ್ಟಳಂತೆ. ತೀರ್ಪುಗಾರರು, “ಯಾಕಮ್ಮಾ, ಕಮಲಾಪುರದಾಗ ಹಂಚು ಇರಲಿಲ್ಲೇನು?” ಎಂದು ಕೇಳಿದರಂತೆ.

“ಇತ್ರೀ ಸರ್. ಆದ್ರ ನಮ್ಮ ಆಯಿನೂ ಇದ್ಳು.”

ಎರಡನೆಯ ಬಹುಮಾನ ಬಂತು. ಚಂದ್ರನ ಮೇಲೆ ಗಾಳಿಯಿಲ್ಲ, ನೀರು ಸಿಗುವುದು ಕಷ್ಟ ಎಂದು ಓದಿದವರೆಲ್ಲ ಚಿಂತೆ ಮಾಡುತ್ತಾರಂತೆ. ಅಲ್ಲಿ ನಾನಿಲ್ಲ ಎಂಬ ದೊಡ್ಡ ಅನುಕೂಲ ಅವರಿಗಿನ್ನೂ ಹೊಳೆದಿಲ್ಲ.