ಸಹಿಗೊಬ್ಬ ಗಂಡ

ಟೀಚರ್ ಸ್ಟೂಲಿನಿಂದ ಬಿದ್ದದ್ದು ಬೆಳಿಗ್ಗೆ ಏಳೂವರೆಗೆ. ಅಟ್ಟದ ಮೇಲಿನ ಸೂಟ್‌ಕೇಸ್ ತೆಗೆಯಲು ಹತ್ತಿದ್ದರು. ಸ್ಟೂಲಿನ ಒಂದು ಕಾಲು ಅಲ್ಲಾಡುತ್ತಿದೆ, ಸ್ವಲ್ಪ ನೋಡಿ ಎಂದು ದರ್ಜಿಗೆ ಆರು ತಿಂಗಳಿಂದ ಹೇಳುತ್ತಲೇ ಇದ್ದರು. ಅವನು ನಾಳೆ, ನಾಳೆ ಎನ್ನುತ್ತಿದ್ದ. ಗಿರಾಕಿಗಳಿಗೆ ಹೇಳಿ ಹೇಳಿ ಆ ಮಾತು ಬಾಯಿಪಾಠವಾಗಿತ್ತು. ಈಗ ಟೀಚರ ತೊಡೆಯ ಮೂಳೆ ಮುರಿದಿತ್ತು.

ಇಬ್ಬರೂ ಹದಿನಾಲ್ಕು ವರ್ಷದಿಂದ ಒಂದೇ ಮನೆಯಲ್ಲಿದ್ದರು. ಮದುವೆಯೊಂದು ಆಗಿರಲಿಲ್ಲ, ಅಷ್ಟೆ. ಬಟ್ಟೆ ಹೊಲಿಸಲು ಬಂದ ಮೊದಲ ದಿನ ಅವರನ್ನು ‘ಟೀಚರ್’ ಎಂದವನು ಇವತ್ತಿಗೂ ಹಾಗೇ ಕರೆಯುತ್ತಿದ್ದ. ಮದುವೆಯ ಮಾತು ಎದ್ದಾಗಲೆಲ್ಲ ಅದನ್ನು ಕೂರಿಸುತ್ತಿದ್ದವನು ಕೆಳಗಿನ ಕ್ಷೌರದಂಗಡಿಯವನು. ಹಿಂದೆ ಕೋರ್ಟಿನ ಎದುರು ಅಂಗಡಿ ಇಟ್ಟು ವಕೀಲರ ತಲೆಗೂದಲು ಕತ್ತರಿಸಿದ್ದರಿಂದ ಬೀದಿಯೆಲ್ಲ ಅವನನ್ನು ‘ಲಾಯರ್’ ಎನ್ನುತ್ತಿತ್ತು.

“ಹತ್ತು ವರ್ಷ ಒಂದೇ ಸೂರಿನಡಿ ಇದ್ರೆ ಕಾನೂನೇ ಮದುವೆ ಮಾಡಿಬಿಡತ್ತೆ ಕಣಯ್ಯ. ನೀನ್ಯಾಕೆ ಓಡಾಡ್ತೀಯ?” ಎಂದು ಅವನು ಹೇಳಿದ್ದನ್ನು ಇಬ್ಬರೂ ನಂಬಿದ್ದರು.

ಆಸ್ಪತ್ರೆಯ ಕೌಂಟರಿನಾಕೆ ಒಂದು ಫಾರಂ ಮುಂದೆ ತಳ್ಳಿದಳು. “ನೋವಿನ ಇಂಜೆಕ್ಷನ್ ಕೊಟ್ಟಿದೀವಿ, ಮಂಪರಲ್ಲಿದಾರೆ. ಆಪರೇಷನ್‌ಗೆ ಮನೆಯವರ ಸಹಿ ಬೇಕು. ನೀವು ಏನಾಗಬೇಕು?”

“ಗಂಡ.”

“ದಾಖಲೆ ಏನಾದ್ರೂ ಇದೆಯಾ?”

“ಹದಿನಾಲ್ಕು ವರ್ಷ ಆಯ್ತಲ್ಲ ಮೇಡಂ.”

“ಮದುವೆಯಾಗಿ?”

“ಒಟ್ಟಿಗೆ ಇದ್ದು.”

ಆಕೆ ಪೆನ್ನು ಕೆಳಗಿಟ್ಟಳು. “ಹನ್ನೆರಡರೊಳಗೆ ಸಹಿ ಆಗದಿದ್ರೆ ಡಾಕ್ಟರು ಮುಂದಿನವರನ್ನ ತಗೋತಾರೆ. ಆಮೇಲೆ ಮೂರು ದಿನ ಕಾಯಬೇಕು.”

ಮೂರು ದಿನ ಆ ನೋವಿನಲ್ಲಿ. ದರ್ಜಿ ಲಾಯರಿಗೆ ಫೋನ್ ಮಾಡಿದ. ಅರ್ಧ ಗಂಟೆಯಲ್ಲಿ ಲಾಯರ್ ಬಂದ, ಜೇಬಿನಲ್ಲಿ ಕತ್ತರಿ ಹಾಗೇ ಇತ್ತು. ಸಾಕ್ಷಿಗೆಂದು ಮೇಲಿನ ಮನೆಯಾಕೆಯನ್ನೂ ಕರೆತಂದಿದ್ದ.

“ಇವರು ಗಂಡ ಹೆಂಡತೀನೇ ಮೇಡಂ, ನಾನು ಹೇಳ್ತೀನಿ ಕೇಳಿ,” ಎಂದಳು ಮೇಲಿನ ಮನೆಯಾಕೆ. “ಒದ್ದೆ ಟವೆಲ್ ಹಾಸಿಗೆ ಮೇಲೆ ಯಾಕೆ ಹಾಕ್ತೀರ ಅಂತ ಹದಿನಾಲ್ಕು ವರ್ಷದಿಂದ ಅದೇ ಒಂದು ಜಗಳ. ಬೇರೆ ಯಾರು ಅಷ್ಟು ದಿನ ಎಳೀತಾರೆ?”

“ಹತ್ತು ವರ್ಷ ದಾಟಿದ್ರೆ ಕಾನೂನೇ ಮದುವೆ ಅನ್ನತ್ತೆ ಮೇಡಂ,” ಎಂದು ಲಾಯರ್ ಸೇರಿಸಿದ.

“ಜಗಳಕ್ಕೆ ಸರ್ಟಿಫಿಕೇಟ್ ಕೊಡಲ್ಲಮ್ಮ. ಕಾಗದ ಇಲ್ದಿದ್ರೆ ನೂರು ವರ್ಷ ಒಟ್ಟಿಗೆ ಇದ್ರೂ ಇವರು ನಮಗೆ ಹೊರಗಿನವರು. ಹತ್ತು ವರ್ಷದ ಕಾನೂನು ಅಂತ ಯಾವುದೂ ಇಲ್ಲ.”

ಎಲ್ಲರೂ ಲಾಯರನ್ನು ನೋಡಿದರು. ಲಾಯರ್ ಫ್ಯಾನನ್ನು ನೋಡಿದ.

ಅಷ್ಟರಲ್ಲಿ ಕೌಂಟರಿನಾಕೆ ಟೀಚರ ಶಾಲೆಯ ಆರೋಗ್ಯ ಕಾರ್ಡನ್ನು ತಿರುಗಿಸಿ ನೋಡುತ್ತಿದ್ದಳು. “ಇದರಲ್ಲಿ ಗಂಡನ ಹೆಸರು, ನಂಬರು ಎರಡೂ ಇದೆ. ನಿಮ್ಮದಲ್ಲ.”

ಟೀಚರಿಗೆ ಮುಂಚೆ ಒಂದು ಮದುವೆಯಾಗಿದ್ದು ದರ್ಜಿಗೆ ಗೊತ್ತಿತ್ತು. ಅವರು ಆ ಮನೆ ಬಿಟ್ಟು ಬಂದು ಹದಿನೆಂಟು ವರ್ಷವಾಗಿತ್ತು. “ಅದು ಮುಗಿದುಹೋಗಿದೆ ಮೇಡಂ,” ಎಂದ.

“ಕೋರ್ಟಲ್ಲಿ ವಿಚ್ಛೇದನ ಆಗಿದೆಯಾ?”

“ಏಳು ವರ್ಷ ದೂರ ಇದ್ರೆ ತಾನಾಗೇ ಕಡಿದು ಹೋಗತ್ತೆ ಅಂತ...” ದರ್ಜಿ ತಿರುಗಿ ನೋಡುವಷ್ಟರಲ್ಲಿ ಲಾಯರ್ ಬಾಗಿಲ ಹತ್ತಿರ ತಲುಪಿದ್ದ.

ಹನ್ನೆರಡಕ್ಕೆ ಹತ್ತು ನಿಮಿಷವಿದ್ದಾಗ ಹೆಲ್ಮೆಟ್ ಹಿಡಿದುಕೊಂಡು ಒಬ್ಬ ದುಂಡಗಿನ ಮನುಷ್ಯ ಏದುಸಿರು ಬಿಡುತ್ತ ಬಂದ. “ನೀವು ಫೋನ್ ಮಾಡಿದ ಮೇಲೇ ನೆನಪಾಗಿದ್ದು, ನನಗೊಬ್ಬಳು ಹೆಂಡತಿ ಇದಾಳೆ ಅಂತ,” ಎಂದು ಕೌಂಟರಿನಾಕೆಗೆ ಹೇಳಿ ಫಾರಂ ಎಳೆದುಕೊಂಡ. ಮೊದಲ ಪ್ರಶ್ನೆಗೇ ಪೆನ್ನು ನಿಂತಿತು. ಕೌಂಟರಿನಾಕೆ ದರ್ಜಿಯತ್ತ ಕೈ ತೋರಿಸಿದಳು.

“ಒಗ್ಗದ ಔಷಧಿ ಯಾವುದು?” ಎಂದು ದರ್ಜಿಯನ್ನು ಕೇಳಿದ.

ದರ್ಜಿ ಹೇಳಿದ.

“ರಕ್ತದ ಗುಂಪು?”

ಅದನ್ನೂ ಹೇಳಿದ.

“ದಿನಾ ತಗೊಳ್ಳೋ ಮಾತ್ರೆ?”

“ಮಲಗೋ ಮುಂಚೆ ಬಿಳೀದು ಅರ್ಧ. ಪೂರ್ತಿ ತಗೊಂಡ್ರೆ ಬೆಳಿಗ್ಗೆ ತಲೆ ಸುತ್ತತ್ತೆ.”

ಅವನು ಎಲ್ಲವನ್ನೂ ದುಂಡಗೆ ಬರೆದು, ಕೆಳಗೆ ತನ್ನ ಸಹಿ ಹಾಕಿದ. ದರ್ಜಿಗೆ ಅವನ ಕಾಲಿಗೆ ಬೀಳೋಣ ಅನಿಸಿತು, ಕತ್ತು ಹಿಸುಕೋಣ ಅಂತಲೂ ಅನಿಸಿತು. ಎರಡನ್ನೂ ಮಾಡದೆ ಅವನಿಗೆ ಬೆಂಚಿನಲ್ಲಿ ಜಾಗ ಬಿಟ್ಟುಕೊಟ್ಟ. ಸಹಿ ಹಾಕಿದವರು ಅಲ್ಲೇ ಇರಬೇಕಂತೆ.

ನಾಲ್ಕು ಗಂಟೆಗೆ ನರ್ಸ್ ಹೊರಗೆ ಬಂದಳು. “ಆಪರೇಷನ್ ಚೆನ್ನಾಗಾಯ್ತು, ಎಚ್ಚರ ಆಗಿದೆ. ಗಂಡ ಯಾರು? ಒಬ್ಬರೇ ಬನ್ನಿ.”

ಬೆಂಚಿನಿಂದ ಇಬ್ಬರೂ ಎದ್ದರು. ನರ್ಸ್ ಫಾರಂ ನೋಡಿದಳು. ದರ್ಜಿ ಕೂತ.

ಹೆಲ್ಮೆಟ್ಟಿನವನಿಗೆ ಅಯ್ಯೋ ಅನಿಸಿರಬೇಕು. “ಏನಾದ್ರೂ ಹೇಳಬೇಕಾ?” ಎಂದ.

“ತುಂಬಾ ನೋವಿದೆಯಾ ಕೇಳಿ.”

ಎರಡು ನಿಮಿಷಕ್ಕೆ ಅವನು ಮರಳಿ ಬಂದ. “ನೋವಿನ ಮಾತೇ ಎತ್ತಲಿಲ್ಲ. ನನ್ನ ನೋಡಿ ಮೊದಲು ಮುಖ ತಿರುಗಿಸಿದಳು. ಆಮೇಲೆ, ಅವರು ಬೆಳಗಿಂದ ಏನಾದ್ರೂ ತಿಂದ್ರಾ ಕೇಳಿ ಅಂದಳು.”

ದರ್ಜಿಯ ಕಣ್ಣು ತುಂಬಿತು. ಬೆಳಗಿಂದ ಅವನು ನೀರೂ ಕುಡಿದಿರಲಿಲ್ಲ.

“ಹೊಟ್ಟೆ ತುಂಬ ತಿಂದೆ ಅಂತ ಹೇಳಿಬಿಡಿ.”

“ಹೇಳ್ತೀನಿ,” ಎಂದ ಗಂಡ, ಬಾಗಿಲು ತಳ್ಳುತ್ತ. “ಆದ್ರೆ ನಾನು ಹೇಳಿದ್ದನ್ನ ಅವಳು ಯಾವತ್ತು ನಂಬಿದಾಳೆ?”