ಹಿಮದಲ್ಲಿ ನಿಂತ ನಾನು

ನಲವತ್ತು ದಾಟಿದ ಗಂಡಸಿಗೆ ಇದ್ದಕ್ಕಿದ್ದಂತೆ ಕಲೆಯ ಹುಚ್ಚು ಹಿಡಿದರೆ ಮನೆಯವರು ಗಾಬರಿಯಾಗಬಾರದು, ಸಣ್ಣ ಜ್ವರದಂತೆ ತಾನಾಗಿ ಇಳಿಯುತ್ತದೆ. ನನ್ನದು ಇಳಿಯಲಿಲ್ಲ. ಮೊಬೈಲಿನಲ್ಲಿ ಯಾರೋ ವಿದೇಶಿ ಮಹನೀಯ ಹಿಮದ ನಡುವೆ ನಿಂತವರ ಸರಳ ಭಾವಚಿತ್ರ ಬಿಡಿಸುವುದನ್ನು ಕಲಿಸುತ್ತಿದ್ದ. ಸರಳ ಎಂದರೆ ಮುಖಕ್ಕೆ ಕಣ್ಣು, ಮೂಗು, ಬಾಯಿ ಏನೂ ಬೇಕಿಲ್ಲ; ಹಿಮ ಎಂದರೆ ಉಳಿದ ಜಾಗಕ್ಕೆಲ್ಲ ಬಿಳಿ ಬಳಿದರಾಯಿತು. ಕಷ್ಟದ ಭಾಗಗಳನ್ನು ಬಿಟ್ಟುಬಿಡುವ ಈ ವಿದ್ಯೆ ನನಗೆಂದೇ ಹುಟ್ಟಿದೆ ಅನ್ನಿಸಿತು. ವೈಟ್‌ಫೀಲ್ಡಿನ ಆಫೀಸಿನಲ್ಲಿ ನಾನು ಇಷ್ಟು ವರ್ಷ ಮಾಡುತ್ತಿರುವುದೂ ಅದನ್ನೇ.

ಕಾಡುಗೋಡಿಯ ಸೆಖೆಯಲ್ಲಿ ಬನಿಯನ್ ತೊಟ್ಟು, ಫ್ಯಾನಿನಡಿ ಕೂತು, ಉಣ್ಣೆ ಕೋಟು ಹಾಕಿಕೊಂಡ ನನ್ನನ್ನು ನಾನೇ ಬಿಡಿಸಿದೆ. ಹಿಮವನ್ನು ನಾನು ಕಂಡಿರುವುದು ಫ್ರಿಜ್ಜಿನ ಮೇಲಿನ ಖಾನೆಯಲ್ಲಿ, ಬಟಾಣಿ ಪ್ಯಾಕೆಟ್ಟಿನ ಸುತ್ತ ಮಾತ್ರ. ಹೆಂಡತಿ ಸುಮ ನೋಡಿ, ಬಾಯಿ ಇಲ್ಲದಿರುವುದೇ ಚೆನ್ನಾಗಿದೆ ಎಂದಳು.

ಅದನ್ನು ಹಾಲ್‌ನ ಗೋಡೆಗೆ ಏರಿಸಲೇಬೇಕೆಂಬುದು ನನ್ನ ಹಟ. ಹಿಡಿದು ಪೂರ್ತಿ ಮುಗಿಸಿದ ಕೆಲಸವೆಂದು ಜೀವಮಾನದಲ್ಲಿ ನನಗಿದ್ದದ್ದು ಅದೊಂದೇ. ಆದರೆ ಬಾಡಿಗೆ ಮನೆ. ಒಂದು ಮೊಳೆ ಹೊಡೆಯಲೂ ಓನರ್ ಮುನಿರಾಜಣ್ಣನ ಅಪ್ಪಣೆ ಬೇಕು. ಮೊದಲು ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಈಗ ನಮ್ಮಂಥ ಬಾಡಿಗೆದಾರರನ್ನು ಬೆಳೆಯುತ್ತಿರುವ ಮನುಷ್ಯ. ಎದುರಿಗೇ ಅವರ ಇನ್ನೊಂದು ಕಟ್ಟಡ ಏಳುತ್ತಿತ್ತು.

ಅಪ್ಪಣೆ ಕೇಳಿದ್ದಕ್ಕೆ ನೋಡಲು ತಾವೇ ಬಂದರು. ಚಿತ್ರವನ್ನು ದೂರದಿಂದ, ಹತ್ತಿರದಿಂದ, ತಲೆ ಓರೆ ಮಾಡಿ ನೋಡಿದರು. ಇದು ಯಾರು ಎಂದರು, ನಾನೇ ಎಂದೆ. ಸುತ್ತ ಸುಣ್ಣ ಯಾಕೆ ಎಂದರು, ಹಿಮ ಎಂದೆ. ಆಮೇಲೆ ಚಿತ್ರವನ್ನು ಎರಡೂ ಕೈಯಲ್ಲಿ ಎತ್ತಿಕೊಂಡರು.

"ಸಾರ್, ನೋಡ್ತಿದ್ದಂಗೆ ಎದೆ ಝಲ್ ಅಂತು. ಮೊಳೆ ಬ್ಯಾಡ, ಇದನ್ನ ನನಗೇ ಕೊಟ್ಬಿಡಿ."

ಕಲಾಭಿಮಾನಿಯೊಬ್ಬ ಹಾಗೆ ಕೇಳಿದರೆ ಇಲ್ಲವೆನ್ನುವುದು ಹೇಗೆ? ಉಬ್ಬಿಹೋಗಿ ಕೊಟ್ಟೆ.

ಮರುದಿನ ಬೆಳಿಗ್ಗೆ ಕಾಫಿ ಹಿಡಿದು ಬಾಲ್ಕನಿಗೆ ಬಂದರೆ, ಎದುರು ಕಟ್ಟಡಕ್ಕೆ ಕಟ್ಟಿದ್ದ ಸಾರುವೆಯ ಬೊಂಬುಗಳ ಮೇಲೆ, ಕೋರೆಹಲ್ಲಿನ ದೃಷ್ಟಿಬೊಂಬೆ ಇದ್ದ ಜಾಗದಲ್ಲಿ, ನಾನು ನೇತಾಡುತ್ತಿದ್ದೆ. ಮೈಮೇಲೆ ಪ್ಲಾಸ್ಟಿಕ್ ಕವರು, ಕೊರಳಿಗೆ ನಿಂಬೆಹಣ್ಣು ಮೆಣಸಿನಕಾಯಿ ಸರ. ಸುಮ ಸೆರಗು ಬಾಯಿಗೆ ತುರುಕಿಕೊಂಡು ಒಳಗೆ ಓಡಿದಳು. ನನಗೆ ನಿಜಕ್ಕೂ ಅಳು ಬಂತು.

ಜಗಳಕ್ಕೆಂದೇ ಇಳಿದು ಹೋದೆ. ಮುನಿರಾಜಣ್ಣ ಎದ್ದುನಿಂತು ಕುರ್ಚಿ ಕೊಟ್ಟರು. ಇಷ್ಟು ದಿನ ಬಾಯಿ ಬಿಟ್ಟುಕೊಂಡು ಕಟ್ಟಡ ನೋಡುತ್ತಿದ್ದ ಜನ ಈಗ ತಲೆ ತಗ್ಗಿಸಿ ಸರಸರ ಹೋಗುತ್ತಿದ್ದಾರೆಂದು ಕೈಮುಗಿದರು.

"ಆ ಕಡೆ ಸೈಟಿಗೂ ಒಂದು ಮಾಡ್ಕೊಡಿ ಸಾರ್. ಈ ಸಲ ಕಣ್ಣು, ಮೂಗು ಎಲ್ಲಾ ಇರ್ಲಿ, ನಿಮ್ಮಂಗೇ. ಇನ್ನೂ ಜಾಸ್ತಿ ಕೆಲಸ ಮಾಡ್ತದೆ."

ಬೈಯಲೆಂದು ಹೋದವನು, ಅಳತೆ ಎಷ್ಟಿರಬೇಕೆಂದು ಕೇಳಿಕೊಂಡು ಬಂದೆ.