ಎಂಟರ ಬಸ್ಸಿನಲ್ಲಿ ಬಾಯವ್ವ

ಮುದಕವ್ವನ ಸೊಸೆಯ ತಮ್ಮನಿಗೆ ಸುರೇಬಾನದಲ್ಲಿ ಹೆಣ್ಣು ನಿಶ್ಚಯವಾಗದೆ ಹೋಗಿದ್ದರೆ ಕಂಡಕ್ಟರ್ ಸತ್ಯಪ್ಪನ ಆ ಸೋಮವಾರ ಉಳಿದ ಸೋಮವಾರಗಳಂತೆಯೇ ಸುಮ್ಮನೆ ಕಳೆದುಹೋಗುತ್ತಿತ್ತು.

ಮುದಕವ್ವ ರಾಮದುರ್ಗದಲ್ಲಿ ಸತ್ಯಪ್ಪನ ಎದುರುಮನೆಯವಳು. ಸತ್ಯಪ್ಪನಿಗೆ ಬಸ್ಸಿನ ಮೇಲೆ ಕೆಲಸ. ಅವನ ಹೆಂಡತಿ ಕೃಷ್ಣವ್ವ ಆಸ್ಪತ್ರೆಯಲ್ಲಿ ಹೆರಿಗೆ ಮಾಡಿಸುವ ನರ್ಸಬಾಯಿ. ಇಬ್ಬರೂ ಹೊರಬಿದ್ದ ಮೇಲೆ ಅವರ ಒಂಬತ್ತು ತಿಂಗಳ ಮಗಳು ಬಾಯವ್ವನನ್ನು ಸಂಭಾಳಿಸುತ್ತಿದ್ದವಳು ಮುದಕವ್ವ. ಆ ದಿನ ಅವಳು ನಸುಕಿನಲ್ಲೇ ಹೊಸ ಸೀರೆಯುಟ್ಟು, ನಿಶ್ಚಯದ ಊಟಕ್ಕೆಂದು ಸುರೇಬಾನದ ಗಾಡಿ ಹತ್ತಿಬಿಟ್ಟಿದ್ದಳು. ಕೃಷ್ಣವ್ವನಿಗೆ ಅಂದು ಮಧ್ಯಾಹ್ನದ ಪಾಳಿ ಇದ್ದದ್ದರಿಂದ ಚಿಂತೆ ಇರಲಿಲ್ಲ. ಆದರೆ ಏಳು ಗಂಟೆಗೆ ಆಸ್ಪತ್ರೆಯ ಜವಾನ ಓಡಿಬಂದ. ಚೊಚ್ಚಲ ಬಸುರಿಯೊಬ್ಬಳು ಎರಡು ದಿನ ಹೆರಿಗೆ ಬೇನೆ ತಿಂದು ಗಾಡಿಯಲ್ಲಿ ಬಂದಿದ್ದಾಳೆ, ಡಾಕ್ಟರಬಾಯಿ ಕರೆಯುತ್ತಿದ್ದಾರೆ ಎಂದ.

ಕೃಷ್ಣವ್ವ ಒಂದೇ ಏಟಿಗೆ ತುರುಬು ಕಟ್ಟಿ ಎದ್ದಳು. "ಕೂಸು ಹೊಟ್ಟಿತುಂಬ ಕುಡದೈತಿ. ಚೀಲದಾಗ ಹಾಲಿನ ಬಾಟ್ಲಿ ಐತಿ, ನಾಕು ಅರಿವಿ ಅದಾವು. ನಾ ಹೊಂಟೆ."

"ಮತ್ತ ನನ್ನ ಎಂಟರ ಬಸ್ಸು?"

"ಬಸ್ಸು ತಡಾ ಆಗತೈತಿ. ಹೆರಿಗಿ ತಡಾ ಆಗೂದಿಲ್ರಿ" ಎಂದವಳೇ ಜವಾನನಿಗಿಂತ ಮುಂದೆ ನಡೆದುಬಿಟ್ಟಳು.

ಸತ್ಯಪ್ಪ ಮಗಳನ್ನೆತ್ತಿಕೊಂಡು ಪಕ್ಕದ ಮನೆಯ ಇಂದಿರಾಬಾಯಿಯ ಕಟ್ಟೆಗೆ ಹೋದ. ಇಂದಿರಾಬಾಯಿ ಎಂಟು ಹೆತ್ತವರು. ಕೂಸನ್ನು ಕಂಡದ್ದೇ ತಡ, ತಲೆಗೆ ಕುಂಚಿಗೆ ಹಾಕು, ಅಂಗಾಲಿಗೆ ಕಾಡಿಗೆ ಹಚ್ಚು, ಹಾಲಿಗೆ ಬಜೆ ತೇಯ್ದು ಹಾಕು, ಎಡಮಗ್ಗಲಿಗೇ ಮಲಗಿಸು ಎಂದು ಒಂದೇ ಉಸಿರಿನಲ್ಲಿ ಹನ್ನೊಂದು ಬುದ್ಧಿಮಾತು ಹೇಳಿದರು.

"ಹಂಗಾದ್ರ ಸಂಜೀತನಕ ನೀವ ಸ್ವಲ್ಪ..." ಎಂದು ಸತ್ಯಪ್ಪ ಕೂಸನ್ನು ಮುಂದೆ ಚಾಚಿದ.

ಇಂದಿರಾಬಾಯಿ ಹಾವು ಕಂಡವರಂತೆ ಎರಡು ಹೆಜ್ಜೆ ಹಿಂದೆ ಸರಿದರು. "ಅಯ್ಯ, ಮುಟ್ಟಬ್ಯಾಡೋ! ನಾ ಮಡಿಯಾಗ ಇದ್ದೇನಿ!"

ಹೀಗಾಗಿ ರಾಮದುರ್ಗದಿಂದ ಸವದತ್ತಿಗೆ ಹೋಗುವ ಎಂಟರ ಬಸ್ಸಿಗೆ ಕಂಡಕ್ಟರು ಬಲಬಗಲಿಗೆ ಚರ್ಮದ ಚೀಲ, ಎಡಬಗಲಿಗೆ ಮಗಳನ್ನು ಹಾಕಿಕೊಂಡು ಬಂದ. ರಾಜ್ಯಕ್ಕೆ ಕರ್ನಾಟಕವೆಂದು ಹೆಸರಿಟ್ಟು ವರ್ಷ ಕಳೆದಿದ್ದರೂ ಆ ಬಸ್ಸಿನ ಮೈಮೇಲಿನ ಹಳೆಯ ಹೆಸರು ಇನ್ನೂ ಅಳಿಸಿರಲಿಲ್ಲ. ಅದರ ಮುಂದಿನ ಎರಡು ದೀಪಗಳು ಎರಡು ದಿಕ್ಕು ನೋಡುತ್ತಿದ್ದವು. ಡ್ರೈವರ್ ಮಡಿವಾಳೆಪ್ಪ ತಂಬಾಕು ಉಗುಳಿ ನಕ್ಕ.

"ಏನ್ಲೇ ಸತ್ಯಾ, ಹೊಸಾ ಕಂಡಕ್ಟರ್ ಏನ ಇದು?"

"ನಗಬ್ಯಾಡಪಾ. ಇವತ್ತೊಂದಿನ. ಚೆಕಿಂಗ್ ಸಾಹೇಬ ಬರಲಿಕ್ಕಿಲ್ಲ ಹೌದಲ್ಲೋ?"

"ಸೋಮವಾರ ಅಂವಾ ಬೈಲಹೊಂಗಲ ಕಡೆ ಇರತಾನ. ಹತ್ತು, ಹತ್ತು."

ಚೆಕಿಂಗ್ ಸಾಹೇಬರೆಂದರೆ ತ್ರ್ಯಂಬಕರಾಯರು. ಹೊಸದಾಗಿ ಬಂದವರು, ನಿಯಮವೆಂದರೆ ಪ್ರಾಣ. ಹೋದ ತಿಂಗಳು ಕಂಡಕ್ಟರ್ ಪರಸಪ್ಪ ಮನೆಗೆಂದು ಒಂದು ಬುಟ್ಟಿ ಬದನೆಕಾಯಿ ತಂದದ್ದಕ್ಕೆ, ಡ್ಯೂಟಿಯ ಮೇಲೆ ಸ್ವಂತದ್ದೇನೂ ಒಯ್ಯಕೂಡದೆಂದು ಎಂಟು ದಿನ ಕೆಲಸದಿಂದ ಕೆಳಗಿಳಿಸಿದ್ದರು. ಕೂಸು ಬದನೆಕಾಯಿಗಿಂತ ಎಷ್ಟು ದೊಡ್ಡ ಅಪರಾಧವೆಂದು ಲೆಕ್ಕ ಹಾಕುವ ಧೈರ್ಯ ಸತ್ಯಪ್ಪನಿಗಾಗಲಿಲ್ಲ.

ಬಸ್ಸು ಹೊರಟಿತು. ಬಾಯವ್ವ ಅಪ್ಪನ ಹೆಗಲೇರಿದ ಕೂಡಲೇ ಅವಳ ಕೈಗೆ ಸಿಕ್ಕದ್ದು ಬಸ್ಸಿನುದ್ದಕ್ಕೂ ಕಟ್ಟಿದ್ದ ಗಂಟೆಯ ಹಗ್ಗ. ಒಮ್ಮೆ ಜಗ್ಗಿದಳು, 'ಟಣ್'. ಮಡಿವಾಳೆಪ್ಪ ಜೋಳದ ಹೊಲದ ನಡುವೆ ಬಸ್ಸು ನಿಲ್ಲಿಸಿದ. ಯಾರೂ ಇಳಿಯಲಿಲ್ಲ. ಬಸ್ಸು ನಿಂತದ್ದೇ ಪುಣ್ಯವೆಂದು ಹಿಂದಿನ ಸೀಟಿನ ಶಟ್ಟೆಪ್ಪಜ್ಜ ಮಾತ್ರ ಧೋತರ ಎತ್ತಿಕೊಂಡು ಬೇಲಿಯ ಮರೆಗೆ ಓಡಿದ. ಬಾಯವ್ವ ಖುಷಿಯಾಗಿ ಮತ್ತೆರಡು ಸಲ ಜಗ್ಗಿದಳು, 'ಟಣ್ ಟಣ್'. ಬಸ್ಸು ಹೊರಟುಬಿಟ್ಟಿತು. ಅಜ್ಜ ಒಂದು ಕೈಯಲ್ಲಿ ಧೋತರ, ಇನ್ನೊಂದರಲ್ಲಿ ಬಡಿಗೆ ಹಿಡಿದು ಓಡಿಬಂದು ಹತ್ತಿದಾಗ ಅವನ ಬಾಯಿಂದ ಹೊರಟ ಮಾತುಗಳನ್ನು ಕೇಳಿ ಕೂಸು ಕಿಲಕಿಲನೆ ನಕ್ಕಿತು. ಅಜ್ಜನೂ ಬೈಗುಳ ಅರ್ಧಕ್ಕೇ ಬಿಟ್ಟು ನಕ್ಕ. "ಭಾರೀ ಬೆರಕಿ ಅದಾಳಲೋ ನಿನ್ನ ಮಗಳು!"

ತೊರಗಲ್ ದಾಟುವ ಹೊತ್ತಿಗೆ ನಗು ಅಳುವಾಯಿತು. ಅಳುವೆಂದರೆ ಅಂಥಿಂಥದ್ದಲ್ಲ, ಗಿರಣಿಯ ಭೋಂಗಾ ಕೂಗಿದಂತೆ; ಹಾಲಿನ ಬಾಟ್ಲಿಯನ್ನೂ ಒಲ್ಲೆನೆಂದು ದೂಡಿದಳು. ಕೂಡಲೇ ಇಡೀ ಬಸ್ಸು ಆಸ್ಪತ್ರೆಯಾಯಿತು. ಹೊಟ್ಟೆನೋವೆಂದು ಒಬ್ಬಳು ಹೊಕ್ಕುಳಿಗೆ ಇಂಗು ಹಚ್ಚಿದಳು. ಹಲ್ಲಿನ ಬಾಧೆಯೆಂದು ಇನ್ನೊಬ್ಬ ಬೆಲ್ಲದ ಚೂರು ಬಾಯಿಗಿಟ್ಟ. ದೃಷ್ಟಿಯಾಗಿದೆಯೆಂದು ಸಿರಸಂಗಿಯ ಕಾಡವ್ವ ಕಾಲಿನ ಚಪ್ಪಲಿ ತೆಗೆದು ನಿವಾಳಿಸಹೋದಳು. ಬಸ್ಸು ಕುಣಿಗೆ ಬಿದ್ದು ಚಪ್ಪಲಿ ಶಟ್ಟೆಪ್ಪಜ್ಜನ ತಲೆಗೆ ಬಡಿಯಿತು. ಅದನ್ನು ನೋಡಿ ಬಾಯವ್ವ ಅಳು ನಿಲ್ಲಿಸಿದಳು. ಎಲ್ಲರೂ ಕಾಡವ್ವನ ಕೈಗುಣವನ್ನು ಹೊಗಳಿದರು. ಅಜ್ಜನೊಬ್ಬ ಒಪ್ಪಲಿಲ್ಲ.

ಅಷ್ಟರಲ್ಲಿ ಮಡಿವಾಳೆಪ್ಪ ಹಿಂದೆ ತಿರುಗಿ ಕೂಗಿದ. "ಸತ್ಯಾ! ಸತ್ತ್ಯೋ! ಸಾಹೇಬ ಬೇವಿನಗಿಡದ ಕೆಳಗ ನಿಂತಾನ!"

ಕೂಸನ್ನು ಸೀಟಿನ ಕೆಳಗಿಡಲೇ, ಚೀಲದಲ್ಲಿ ತುರುಕಲೇ ಎಂದು ಸತ್ಯಪ್ಪ ತಡವರಿಸುತ್ತಿದ್ದಾಗ ಕಾಡವ್ವ ಬಾಯವ್ವನನ್ನು ಕಸಿದುಕೊಂಡು ಸೆರಗು ಹೊದಿಸಿದಳು. "ಸುಮ್ಮನಿರಪಾ. ಕೇಳಿದ್ರ ನನ್ನ ಮೊಮ್ಮಗಳಂತ ಹೇಳತೇನಿ. ಎಲ್ಲಾರೂ ಕೇಳ್ರಿ, ಇದು ನನ್ನ ಮೊಮ್ಮಗಳು!" ಬಸ್ಸಿಗೆ ಬಸ್ಸೇ ತಲೆಯಾಡಿಸಿತು.

ತ್ರ್ಯಂಬಕರಾಯರು ಹತ್ತಿದರು. ಇಸ್ತ್ರಿ ಮಾಡಿದ ಖಾಕಿ, ಕನ್ನಡಿಯಂಥ ಬೂಟು, ಮುಖದ ಮೇಲೆ ಒಂದು ಸಾಲಿನ ನಗುವೂ ಇಲ್ಲ. ಕಾಡವ್ವನ ಹತ್ತಿರ ಬಂದು ನಿಂತರು.

"ಕೂಸು ಯಾರದು?"

"ನನ್ನ ಮೊಮ್ಮಗಳ್ರೀ ಎಪ್ಪಾ."

"ಹೆಸರೇನು?"

"ಮರೆವ್ವ" ಎಂದಳು ಕಾಡವ್ವ. ಅದೇ ಗಳಿಗೆಗೆ ಸಹಾಯ ಮಾಡುವ ಉಮೇದಿನಲ್ಲಿ ಶಟ್ಟೆಪ್ಪಜ್ಜ "ಗಂಗವ್ವ" ಎಂದ. ಹಿಂದಿನಿಂದ ಇನ್ನಾರೋ "ಹನುಮಪ್ಪ" ಎಂದರು.

ರಾಯರ ಹುಬ್ಬು ಮೇಲೇರಿತು. ಕಾಡವ್ವನ ಮುಂದಿನ ಸೀಟಿನಲ್ಲೇ ಕೂತುಬಿಟ್ಟರು.

ಸಿರಸಂಗಿ ಬಂತು. ಕಾಡವ್ವ ಇಳಿಯಲೇಬೇಕು. ಮೊಮ್ಮಗಳನ್ನು ಬಸ್ಸಿನಲ್ಲಿ ಬಿಟ್ಟು ಇಳಿಯುವ ಅಜ್ಜಿ ಲೋಕದಲ್ಲಿಲ್ಲ. ಸತ್ಯಪ್ಪನ ಕಡೆ ಕಣ್ಣು ಮಿಟುಕಿಸುತ್ತ, ಹಿಂದಿನ ಕಿಟಕಿಯಿಂದ ಕೊಡುತ್ತೇನೆಂದು ಸನ್ನೆ ಮಾಡಿ, ಕೂಸಿನೊಂದಿಗೆ ಇಳಿದಳು. ಅವಳು ಕಿಟಕಿ ಮುಟ್ಟುವ ಮೊದಲೇ ರಾಯರು ಗಡಿಯಾರ ನೋಡಿಕೊಂಡರು. "ನಾಕು ಮಿನಿಟ್ ತಡಾ ಆಗ್ಯದ" ಎಂದು ತಾವೇ ಹಗ್ಗ ಜಗ್ಗಿದರು. ಟಣ್ ಟಣ್.

ಬಸ್ಸು ಚಲಿಸಿತು. ಸತ್ಯಪ್ಪ ಹಿಂದಿನ ಗಾಜಿನಲ್ಲಿ ನೋಡಿದ. ಕಾಡವ್ವನ ಸೊಂಟದ ಮೇಲೆ ಬಾಯವ್ವ ಎರಡೂ ಕೈ ಚಾಚಿ ಸಣ್ಣವಳಾಗುತ್ತಿದ್ದಳು. ಅವನು ಬದನೆಕಾಯಿ ಮರೆತ, ಸಾಹೇಬರನ್ನು ಮರೆತ, ನೌಕರಿಯನ್ನೂ ಮರೆತ. "ನಿಲ್ಲಸಲೇ ಮಡಿವಾಳಾ!" ಎಂದು ಕಿರುಚಿ, ಬಸ್ಸು ನಿಲ್ಲುವುದನ್ನೂ ಕಾಯದೆ ಜಿಗಿದು, ಓಡಿಹೋಗಿ ಕೂಸನ್ನು ಕಸಿದು ಎದೆಗವಚಿಕೊಂಡ.

ಹಿಂದೆಯೇ ರಾಯರು ಇಳಿದು ಬಂದರು, ಅವರ ಹಿಂದೆ ಇಡೀ ಬಸ್ಸು. ಸಾಹೇಬರನ್ನು ಕಂಡ ಕಾಡವ್ವ ಕೊಟ್ಟ ಮಾತಿಗೆ ತಪ್ಪಬಾರದೆಂದು ಬಾಯಿ ಬಡಿದುಕೊಂಡಳು. "ಅಯ್ಯಯ್ಯೋ! ಹಗಲಹೊತ್ತಿನಾಗ ನನ್ನ ಮೊಮ್ಮಗಳನ್ನ ಕಸಗೊಂಡ್ನಲ್ರೋ!"

"ಏನಪಾ ಇದು?" ಎಂದರು ರಾಯರು.

"ಸಾಹೇಬ್ರ, ತಪ್ಪಾತ್ರಿ. ಈ ಕೂಸು ನಂದ್ರೀ. ಮೆಮೋ ಕೊಡ್ರಿ, ಕೆಲಸ ತಗೀರಿ. ನನ್ನ ಮಗಳನ್ನ ನಾ ಬಿಡಂಗಿಲ್ರಿ."

"ಇಲ್ರೀ ಸಾಹೇಬ್ರ!" ಶಟ್ಟೆಪ್ಪಜ್ಜ ನಡುವೆ ನುಗ್ಗಿದ. "ಕಂಡಕ್ಟರಂದಲ್ಲ, ದೇವರಾಣಿಗೂ ಅಲ್ಲ! ಪಾಪ, ಬಿಸಲಿಗೆ ತಲಿ ಕೆಟ್ಟೈತಿ!" ನಿಜ ಹೇಳುತ್ತಿದ್ದವನೊಬ್ಬ, ಅವನನ್ನು ಉಳಿಸಲು ಸುಳ್ಳು ಹೇಳುತ್ತಿದ್ದವರು ನಲವತ್ತು ಮಂದಿ.

ರಾಯರು ಕೈಯೆತ್ತಿದರು. "ಕೂಸನ್ನ ಕೆಳಗ ಬಿಡ್ರಿ. ಯಾರ ಹತ್ತರ ಹೋಗತದೋ ಅವರದು."

ಯಾರೋ ರಸ್ತೆಯ ಮೇಲೆ ಕಂಬಳಿ ಹಾಸಿದರು. ಒಂದು ಬದಿಗೆ ಕಾಡವ್ವ, ಇನ್ನೊಂದು ಬದಿಗೆ ಸತ್ಯಪ್ಪ. ಬಾಯವ್ವನನ್ನು ನಡುವೆ ಕೂಡ್ರಿಸಿದರು. ಸತ್ಯಪ್ಪ ಮಂಡಿಯೂರಿ, ಕೈಚಾಚಿ ಕರೆದ. "ಬಾ ನನ್ನವ್ವಾ, ಬಾ." ಕಾಡವ್ವನೂ ಕೈಚಾಚಿದಳು, ಆದರೆ 'ಬರಬ್ಯಾಡ, ಬರಬ್ಯಾಡ' ಎಂದು ಕಣ್ಣಲ್ಲೇ ಬೇಡುತ್ತಿದ್ದಳು.

ಬಾಯವ್ವ ಅವನನ್ನು ನೋಡಿದಳು, ಅವಳನ್ನು ನೋಡಿದಳು. ಆಮೇಲೆ ಅಂಬೆಗಾಲಿಕ್ಕುತ್ತ ನೆಟ್ಟಗೆ ತ್ರ್ಯಂಬಕರಾಯರ ಹೊಳೆಯುವ ಬೂಟಿನ ಕಡೆ ಹೋದಳು. ಬೂಟು ಹಿಡಿದಳು, ಪ್ಯಾಂಟು ಹಿಡಿದಳು, ಜೀವನದಲ್ಲಿ ಮೊದಲ ಸಲ ಎದ್ದು ನಿಂತಳು. ಕತ್ತೆತ್ತಿ, ಜೊಲ್ಲು ಸುರಿಸುತ್ತ, ಎಲ್ಲರಿಗೂ ಕೇಳುವಂತೆ ಅಂದಳು:

"ಅಪ್ಪಾ!"

ಆಗ ಎದ್ದ ನಗುವಿಗೆ ಸುತ್ತಲ ಮರಗಳ ಕಾಗೆಗಳೆಲ್ಲ ಹಾರಿಹೋದವು. ಸತ್ಯಪ್ಪನೊಬ್ಬನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಮಗಳ ಬಾಯಿಂದ ಆ ಮಾತು ಕೇಳಲು ಅವನು ತಿಂಗಳಿಂದ ಕಾದಿದ್ದ. ಮಾತು ಬಂತು, ವಿಳಾಸ ತಪ್ಪಿತು.

ರಾಯರ ಕಿವಿ ಕೆಂಪಾಯಿತು. ಮೆಲ್ಲಗೆ ಬಗ್ಗಿ ಕೂಸನ್ನು ಎತ್ತಿಕೊಂಡರು. ನುರಿತ ಕೈಯಿಂದ ಕುಂಚಿಗೆ ಸರಿಮಾಡಿ, ಜೊಲ್ಲು ಒರೆಸಿ, ಬೆನ್ನು ತಟ್ಟಿದರು. "ಎಲ್ಲಾರೂ ಬಸ್ ಹತ್ತರಿ" ಎಂದರು. ಸವದತ್ತಿಯ ತನಕ ಒಬ್ಬರ ಟಿಕೀಟನ್ನೂ ಕೇಳಲಿಲ್ಲ. ಬಾಯವ್ವ ಅವರ ಮೀಸೆ ಹಿಡಿದುಕೊಂಡೇ ನಿದ್ದೆ ಹೋದಳು.

ಸವದತ್ತಿಯ ನಿಲ್ದಾಣದಲ್ಲಿ ರಾಯರು ನಿದ್ದೆಹೋದ ಕೂಸನ್ನು ಸತ್ಯಪ್ಪನ ಕೈಗೆ ಕೊಟ್ಟು ಅವನನ್ನು ಮರೆಗೆ ಕರೆದರು. ಜೇಬಿನಿಂದ ಕಾಗದ, ಪೆನ್ನು ತೆಗೆದು ಏನೋ ಬರೆದರು. ಮೆಮೋ ಬಂತೆಂದು ಸತ್ಯಪ್ಪ ಕಣ್ಣು ಮುಚ್ಚಿದ.

"ಇದು ನನ್ನ ಮನಿ ಅಡ್ರೆಸ್" ಎಂದರು ರಾಯರು. "ರಾಮದುರ್ಗದಾಗ, ನಿಮ್ಮ ಹಿಂದಿನ ಓಣಿ. ನನ್ನಾಕಿ ಸಾಲ್ಯಾಗ ಟೀಚರ್. ನಮಗ ಅವಳಿ-ಜವಳಿ ಗಂಡಹುಡುಗರು, ಒಂದೂವರಿ ವರ್ಷದವು. ನೋಡಕೊಳ್ಳಾಕಿ ಹೋದ ವಾರ ಕೆಲಸಾ ಬಿಟ್ಟು ಓಡಿಹೋದಳು. ನಿನ್ನ ಬಸ್ಸಿನ ಮಂದಿ ಛಲೋ ಇದ್ದಾರ. ನಾಳೆ ಎಂಟಕ್ಕ ಎರಡೂ ತಂದು ಹತ್ತಸತೇನಿ, ಸಂಜೀಕ ಮನೀಗೆ ಮುಟ್ಟಸು."

ಸತ್ಯಪ್ಪ ಕಣ್ಣು ತೆರೆದ. "ಸಾಹೇಬ್ರ... ಮತ್ತ ರೂಲು?"

"ಡ್ಯೂಟಿ ಮ್ಯಾಲೆ ಸ್ವಂತದ್ದು ಒಯ್ಯಬಾರದು ಅಂತ ಅದ. ಇವು ನಿನ್ನ ಸ್ವಂತದ್ದಲ್ಲಲ್ಲಪಾ." ರಾಯರು ಅತ್ತಿತ್ತ ನೋಡಿ ದನಿ ತಗ್ಗಿಸಿದರು. "ಒಬ್ಬಾಂವ ಸ್ವಲ್ಪ ಕಡೀತಾನ. ಯಾಂವ ಅಂತ ನಮಗೂ ಗುರ್ತು ಸಿಗೂದಿಲ್ಲ. ಹುಷಾರು."

ನಾಲ್ಕು ಹೆಜ್ಜೆ ಹೋದವರು ಮತ್ತೆ ತಿರುಗಿ, ಬೆರಳೆತ್ತಿ ಗಂಭೀರವಾಗಿ ಹೇಳಿದರು:

"ಮತ್ತ ನಾಳೆ ನಿನ್ನ ಕೂಸನ್ನ ಮಾತ್ರ ತರಬ್ಯಾಡ. ಕಂಡರ ಮೆಮೋ ಕೊಡತೇನಿ."